ಮಾತಿನಲ್ಲಿ ಬರುವುದು ಬರವಣಿಗೆಯಲ್ಲಿ ಏಕೆ ಬರುತ್ತಿಲ್ಲ?

ಪ್ರಶ್ನೆ: ಕನ್ನಡ ಅಧ್ಯಾಪಕ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಪ್ರಥಮ ದರ್ಜೆ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಗೈಡಿನಲ್ಲಾಗಲಿ ಮೊಬೈಲಿನಲ್ಲಾಗಲಿ ಸಿದ್ಧ ಉತ್ತರ ಸಿಗದ ವಿಷಯವೊಂದನ್ನು ಕೊಡಬೇಕೆಂದು ಯೋಚಿಸಿ, ಕಳೆದ ತಿಂಗಳು ಬಿ.ಕಾಂ. ಮೊದಲ ಸೆಮಿಸ್ಟರಿನವರಿಗೆ, ನಿಮ್ಮೂರಿನ ಗದ್ದೆಗಳಿಗೆ ನಾಲೆಯ ನೀರು ಹೇಗೆ ಬರುತ್ತದೆ, ಅದನ್ನು ಯಾರು ಯಾವ ಕ್ರಮದಲ್ಲಿ ಹಂಚಿಕೊಳ್ಳುತ್ತಾರೆ ಎಂಬುದನ್ನು ತರಗತಿಯಲ್ಲಿಯೇ ಕುಳಿತು ಒಂದು ಪುಟ ಬರೆಯಿರಿ ಎಂದೆ. ಬರೆಯುವ ಮೊದಲು ಅರ್ಧ ಗಂಟೆ ಅವರನ್ನು ಮಾತನಾಡಿಸಿದೆ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಎಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕ್ರಮದಲ್ಲಿ, ನೀರು ಬಿಟ್ಟಾಗ ತೂಬಿನ ಹತ್ತಿರದವರಿಗೂ ಕೊನೆಯ ಭಾಗದವರಿಗೂ ಆಗುವ ವ್ಯತ್ಯಾಸವನ್ನು, ರಾತ್ರಿಯೆಲ್ಲ ಕಾವಲು ಕೂರುವುದನ್ನು, ತನ್ನ ತಂದೆಗೂ ನೀರು ಹಂಚುವ ನೀರುಗಂಟಿಗೂ ನಡೆದ ಮಾತನ್ನು ಕೊನೆಯ ಬೆಂಚಿನ ಹುಡುಗನೊಬ್ಬ ಎಷ್ಟು ಚೆನ್ನಾಗಿ ಹೇಳಿದನೆಂದರೆ, ಇಡೀ ತರಗತಿ ಸದ್ದಿಲ್ಲದೆ ಕೇಳಿತು. ಆಮೇಲೆ ಅವನು ಬರೆದದ್ದು ಇಷ್ಟು: ‘ನಮ್ಮೂರಿಗೆ ನಾಲೆ ನೀರು ಬರುತ್ತದೆ. ರೈತರು ಹಂಚಿಕೊಳ್ಳುತ್ತಾರೆ. ನೀರು ಬಹಳ ಮುಖ್ಯ. ನೀರನ್ನು ಉಳಿಸಬೇಕು.’

ಉಳಿದವರ ಪುಟಗಳೂ ಹೆಚ್ಚುಕಡಿಮೆ ಹೀಗೆಯೇ ಇದ್ದವು. ಕಾಗುಣಿತದ ತಪ್ಪುಗಳು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಅವು ಹಿಂದೆಯೂ ಇದ್ದವು. ಕಾಡಿದ್ದು ಬೇರೆ. ‘ಏಕೆಂದರೆ’, ‘ಆದರೂ’, ‘ಹಾಗಿದ್ದರೆ’ ಎಂಬ ಪದಗಳು ಅಷ್ಟೂ ಪುಟಗಳಲ್ಲಿ ಬೆರಳೆಣಿಕೆಯಷ್ಟೇ ಇದ್ದವು. ಒಂದು ವಿಚಾರವನ್ನು ಇನ್ನೊಂದಕ್ಕೆ ಹೊಂದಿಸುವ ವಾಕ್ಯವೇ ಅಲ್ಲಿರಲಿಲ್ಲ. ಪಠ್ಯದ ಒಂದು ಉದ್ದನೆಯ ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ಇದರಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂದು ಕೇಳಿದರೂ ಹಲವರು ತಡವರಿಸುತ್ತಾರೆ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75ರಷ್ಟು, ಮಂಡ್ಯ ಜಿಲ್ಲೆಯದು ಶೇ. 70ರಷ್ಟು ಎಂದು ದಾಖಲಾಗಿದೆ. ಏಳು ವರ್ಷ ಮೇಲ್ಪಟ್ಟವರು ಯಾವುದಾದರೊಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಆ ಲೆಕ್ಕದಲ್ಲಿ ಅವರು ಸಾಕ್ಷರರು. ನನ್ನ ವಿದ್ಯಾರ್ಥಿಗಳೆಲ್ಲ ಆ ಲೆಕ್ಕದ ಒಳಗಿನವರೇ. ಹಾಗಾದರೆ ಅವರಲ್ಲಿ ಇಲ್ಲದಿರುವುದಕ್ಕೆ ಏನೆಂದು ಹೆಸರಿಡುವುದು? ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಮೊಬೈಲನ್ನೇ ದೂರುತ್ತಾರೆ. ಅಷ್ಟು ಸುಲಭವಾಗಿ ಒಪ್ಪಲು ನನ್ನ ಮನಸ್ಸು ಒಡಂಬಡುತ್ತಿಲ್ಲ. ಈ ಎಳೆ ಎಲ್ಲಿ ತುಂಡಾಗುತ್ತದೆ, ಅದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು, ಫೋನಿನ ಪಾಲೆಷ್ಟು, ಮತ್ತು ಒಂದು ಸೆಮಿಸ್ಟರಿನ ಅವಧಿಯಲ್ಲಿ ನನ್ನಂಥವನು ಮಾಡಬಹುದಾದದ್ದು ಏನು ಎಂಬುದನ್ನು, ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಪ್ರಾಥಮಿಕ ಶಾಲಾ ಶಿಕ್ಷಕಿ, ಹೆಗ್ಗಡದೇವನಕೋಟೆ

ಸರ್, ನಿಮ್ಮ ಹುಡುಗನ ಆ ನಾಲ್ಕು ವಾಕ್ಯಗಳನ್ನು ನಾನು ನಾಲ್ಕನೆಯ ತರಗತಿಯಲ್ಲಿ ಪ್ರತಿವರ್ಷವೂ ನೋಡುತ್ತೇನೆ. ಹಾಗಾಗಿ ಆ ಎಳೆ ನಮ್ಮ ಬಳಿಯೇ ತುಂಡಾಗಲು ಆರಂಭವಾಗುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಲಿ-ಕಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನಲ್ಲಿ, 1995ರ ಸುಮಾರಿಗೆ. ಅದು 2009-10ರಿಂದೀಚೆಗೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಗೆ ಬಂತು. ಕಾರ್ಡು ಹಿಡಿದು, ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತ, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಕಲಿಯುವ ಆ ಕ್ರಮದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ನಾಲ್ಕನೆಯ ತರಗತಿಗೆ ಬಂದ ಕೂಡಲೇ ಮಗುವಿನ ಕೈಗೆ ತುಂಬು ಪಠ್ಯಪುಸ್ತಕ ಬರುತ್ತದೆ, ಓದು ಕಲಿತಾಗಿದೆ ಎಂಬ ಭಾವನೆಯಲ್ಲಿ ಪಾಠ ಮುಂದಕ್ಕೆ ಹೋಗುತ್ತದೆ. ಕನ್ನಡದ ಲಿಪಿ ಅಷ್ಟು ಬೇಗ ಕೈಗೆ ಸಿಗುವುದಲ್ಲ. ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿದರೆ ಕಣ್ಣು ಗುರುತಿಸಬೇಕಾದ ಆಕಾರಗಳು ನೂರಾರು. ಕನ್ನಡ ಮಕ್ಕಳ ಓದಿನ ಮೇಲೆ ಸೋನಾಲಿ ನಾಗ್ ಅವರು ನಡೆಸಿದ ಸಂಶೋಧನೆ ಇದನ್ನೇ ತೋರಿಸಿದೆ: ಇಂಗ್ಲಿಷಿನ 26 ಅಕ್ಷರಗಳಂತೆ ಒಂದೆರಡು ವರ್ಷಗಳಲ್ಲಿ ಮುಗಿಯದೆ, ನಮ್ಮ ಅಕ್ಷರ ಕಲಿಕೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಅಂಕಿಗಳನ್ನು ನೋಡಿ. ದೇಶದ ಗ್ರಾಮೀಣ ಭಾಗದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು 2018ರಲ್ಲಿ ಶೇ. 27ರಷ್ಟಿದ್ದರು, 2022ರಲ್ಲಿ ಶೇ. 20ರ ಆಸುಪಾಸಿಗೆ ಇಳಿದರು, 2024ರಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಬಂದರು. ಆ ಹಳೆಯ ಮಟ್ಟವೇ ನೂರಕ್ಕೆ ಇಪ್ಪತ್ತೇಳು ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿ. ಈಗ ನಿಮ್ಮ ಮೊದಲ ಸೆಮಿಸ್ಟರಿನಲ್ಲಿರುವ ಬಹುಪಾಲು ಮಕ್ಕಳು 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಏಳನೆಯ ತರಗತಿಯಲ್ಲಿದ್ದಿರಬೇಕು. ಪ್ರಬಂಧ, ಪತ್ರಲೇಖನ, ಸಾರಾಂಶ ಬರೆಯುವುದನ್ನು ಕೈಹಿಡಿದು ಕಲಿಸಬೇಕಾದ ಎಂಟನೆಯ ತರಗತಿ ಅವರಿಗೆ ಹೆಚ್ಚಾಗಿ ಫೋನಿನಲ್ಲಿಯೇ ಕಳೆಯಿತು.

ಆದರೆ ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ನಮ್ಮ ಮೈಸೂರು ಮಂಡ್ಯ ಸೀಮೆಯ ಮಕ್ಕಳ ಮನೆಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ‘ಹಕ್ಕಿ’ ಎನ್ನಲು ‘ಅಕ್ಕಿ’ ಎನ್ನುತ್ತಾರೆ, ಹಾಗೆಯೇ ಬರೆಯುತ್ತಾರೆ. ಮಹಾಪ್ರಾಣಗಳ ಕಥೆಯೂ ಅದೇ. ಅದಕ್ಕೆ ನಾವು ಕೆಂಪು ಶಾಯಿ ಬಳಿಯುತ್ತೇವೆ. ಕೆಲವೆಡೆ ಮಗುವನ್ನು ನಿಲ್ಲಿಸಿ, ಹಕ್ಕಿಯನ್ನು ಬೇಯಿಸಿ ಉಣ್ಣುತ್ತೀಯಾ ಎಂದು ನಗುತ್ತಾರೆ. ಅಂದಿನಿಂದ ಆ ಮಗು ತನಗೆ ಖಾತ್ರಿಯಿರುವ ಪದಗಳನ್ನು ಮಾತ್ರ ಬರೆಯುತ್ತದೆ. ನಾಲ್ಕು ಪದದ ವಾಕ್ಯದಲ್ಲಿ ತಪ್ಪಾಗುವುದಿಲ್ಲ. ‘ನೀರು ಬಹಳ ಮುಖ್ಯ’ ಎಂದರೆ ಯಾರೂ ನಗುವುದಿಲ್ಲ. ನಿಮ್ಮ ಹುಡುಗನಿಗೆ ಬರೆಯಲು ಬರುವುದಿಲ್ಲ ಎಂದು ನಾನು ಒಪ್ಪಲಾರೆ. ಸಿಕ್ಕಿಹಾಕಿಕೊಳ್ಳದಂತೆ ಬರೆಯುವುದನ್ನು ನಾವು ಅವನಿಗೆ ಎಂಟು ಹತ್ತು ವರ್ಷ ಕಲಿಸಿದ್ದೇವೆ.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ

ಮೇಡಂ ಅವರ ಕೊನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನೂ ಹಾಗೆ ನಗಿಸಿಕೊಂಡವನೇ. ಆದರೆ ಫೋನಿನ ಪಾಲನ್ನು ಬಿಟ್ಟುಬಿಡುವಂತಿಲ್ಲ. ಸಾಮಾನ್ಯವಾಗಿ ದೂರುವ ರೀತಿಯಲ್ಲಿ ದೂರಿದರೆ ವಿಷಯ ಕೈತಪ್ಪುತ್ತದೆ ಎಂಬುದು ನನ್ನ ತಿಳಿವಳಿಕೆ.

ಒಂದು ತಲೆಮಾರಿನ ಹಿಂದೆ ಹಳ್ಳಿಯ ಹದಿನೆಂಟರ ಹುಡುಗನೊಬ್ಬ ಶಾಲೆಯ ಹೊರಗೆ ಬರೆಯುತ್ತಿದ್ದುದು ಬಹಳ ಕಡಿಮೆ. ಇಂದಿನವನು ದಿನಕ್ಕೆ ನೂರು ಸಲ ಬರೆಯುತ್ತಾನೆ. ಆದರೆ ಎಲ್ಲವನ್ನೂ ತನ್ನನ್ನು ಬಲ್ಲವರಿಗೇ ಬರೆಯುತ್ತಾನೆ. ‘ನೀರು ಬಂತಾ’, ‘ಇನ್ನೂ ಇಲ್ಲ’. ಯಾವ ನೀರು, ಯಾವ ಗದ್ದೆ, ಏಕೆ ತಡವಾಯಿತು ಎಂಬುದು ಇಬ್ಬರಿಗೂ ಮೊದಲೇ ಗೊತ್ತು. ಇದಕ್ಕಿಂತ ಸ್ವಲ್ಪ ಉದ್ದದ ಸಂಗತಿಯಿದ್ದರೆ ಧ್ವನಿ ಸಂದೇಶ ಕಳುಹಿಸುತ್ತಾನೆ. ಗೊತ್ತಿಲ್ಲದವನಿಗೆ ಒಂದು ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಬರೆದು ತಿಳಿಸಬೇಕಾದ ಸಂದರ್ಭವೇ ಅವನ ಬದುಕಿನಲ್ಲಿ ಬರುತ್ತಿಲ್ಲ. ‘ಏಕೆಂದರೆ’ ಎಂಬ ಪದದ ಅಗತ್ಯ ಬೀಳುವುದು ಅಂಥ ಸಂದರ್ಭದಲ್ಲಿ.

ಎರಡನೆಯದು ಲಿಪಿ. ಬ್ರಿಟನ್ನಿನ 10ರಿಂದ 12 ವರ್ಷದ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂದೇಶಗಳಲ್ಲಿ ಮೊಟಕು ಕಾಗುಣಿತವನ್ನು ಹೆಚ್ಚು ಬಳಸುವ ಮಕ್ಕಳ ಪದ ಓದುವ ಶಕ್ತಿ ಕಡಿಮೆಯಿರಲಿಲ್ಲ, ಬದಲಿಗೆ ಉತ್ತಮವಾಗಿಯೇ ಇತ್ತು ಎಂದು ಕಂಡುಬಂತು. ಇದನ್ನು ಹಿಡಿದು ಫೋನಿನಿಂದ ತೊಂದರೆಯಿಲ್ಲ ಎಂದು ವಾದಿಸುವವರಿದ್ದಾರೆ. ಆ ಮಕ್ಕಳು ಆಡಿದ್ದು ತಮ್ಮದೇ ಲಿಪಿಯೊಡನೆ. ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಬಿ, ಎ, ಎಲ್, ಇ ಎಂದು ಒತ್ತಿದರೆ ಅದು ಬಲೆಯೂ ಹೌದು, ಬಳೆಯೂ ಹೌದು. ಹಣದ ಣಕಾರಕ್ಕೂ ಹನಿಯ ನಕಾರಕ್ಕೂ ಅಲ್ಲಿ ಭೇದವಿಲ್ಲ. ಕನ್ನಡ ಲಿಪಿಯೊಡನೆ ದಿನವೂ ಆಗಬೇಕಾದ ಒಡನಾಟ ಹೀಗೆ ಪಿಯುಸಿಗೆ ಬರುವಷ್ಟರಲ್ಲಿ ನಿಂತೇಹೋಗುತ್ತದೆ. ಉಳಿಯುವುದು ಪರೀಕ್ಷೆಯ ಮೂರು ಗಂಟೆ ಮಾತ್ರ. ನಾನು ನಾಲ್ಕು ವರ್ಷ ಹೀಗೆಯೇ ಬರೆದು, ಎಂ.ಎ.ಗೆ ಬಂದ ಮೇಲೆ ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯನ್ನು ಹಟ ಹಿಡಿದು ಕಲಿತೆ. ಒತ್ತಕ್ಷರ ಮೂಡಿಸಲು ಎರಡು ವ್ಯಂಜನಗಳ ನಡುವೆ ಒಂದು ಕೀಲಿ ಒತ್ತಬೇಕಾಗುತ್ತದೆ. ‘ಅರ್ಥ’ ಎಂಬ ಪದದಲ್ಲಿ ರಕಾರ ಮೊದಲು, ಥಕಾರ ಆಮೇಲೆ ಎಂಬುದು ನನಗೆ ಬೆರಳಿನಿಂದ ತಿಳಿದದ್ದು ಆಗ.

ಓದಿನ ಬಗ್ಗೆಯೂ ಒಂದು ಮಾತು. ಕಾಗದದ ಮೇಲಿನ ಓದನ್ನೂ ಪರದೆಯ ಮೇಲಿನ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಅದರಲ್ಲಿ ಒಳಗೊಂಡವರು 1,70,000ಕ್ಕೂ ಹೆಚ್ಚು ಮಂದಿ. ಮಾಹಿತಿ ಪ್ರಧಾನ ಬರಹಗಳಲ್ಲಿ, ಅದರಲ್ಲಿಯೂ ಸಮಯದ ಒತ್ತಡವಿದ್ದಾಗ, ಕಾಗದದಲ್ಲಿ ಓದಿದವರಿಗೆ ಅರ್ಥ ಹೆಚ್ಚು ದಕ್ಕಿತ್ತು. ಕಥನವನ್ನಷ್ಟೇ ಓದಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ವಿದ್ಯಾರ್ಥಿಗಳು ಇಡೀ ಸೆಮಿಸ್ಟರಿನ ನೋಟ್ಸನ್ನು ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ರೂಪದಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿ, ಅಂಗೈಯಗಲದ ಪರದೆಯಲ್ಲಿ ಓದುತ್ತಾರೆ. 2024ರ ಅಸರ್ ವರದಿಯಂತೆ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ಒಂದು ವಾರದಲ್ಲಿ ಅದನ್ನು ಕಲಿಕೆಗೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76.

ಚಾಟ್‌ಜಿಪಿಟಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಿಂದ ಬರೆದು ತರುವ ಅಸೈನ್‌ಮೆಂಟುಗಳಲ್ಲಿ ಈಗ ಉದ್ದನೆಯ, ತಪ್ಪಿಲ್ಲದ ವಾಕ್ಯಗಳೇ ಬರುತ್ತಿವೆ. ಅವುಗಳಲ್ಲಿ ಯಾರ ಊರೂ ಇರುವುದಿಲ್ಲ. ನೀವು ತರಗತಿಯಲ್ಲಿಯೇ, ಅವರ ಊರಿನ ಬಗ್ಗೆಯೇ ಬರೆಸಿದ್ದು ಸರಿಯಾದ ಕೆಲಸ. ಒಂದೇ ಒಂದು ಬದಲಾವಣೆ ಮಾಡಿ ನೋಡಿ: ನಾಲೆಯನ್ನೇ ಕಾಣದವರಿಗೆ ಬರೆಯಲು ಹೇಳಿ. ಮಳೆಯ ನೀರಿನಲ್ಲಿಯೇ ಬೇಸಾಯ ಮಾಡುವ ಮಲೆನಾಡಿನ ಒಬ್ಬ ವಿದ್ಯಾರ್ಥಿಗೆ ತಿಳಿಯುವಂತೆ ಬರೆಯಿರಿ ಎನ್ನಿ.

ಉತ್ತರ 3: ಒಬ್ಬ ಪೋಷಕ, ಮೈಸೂರು

ನನ್ನ ಮಗಳು ಮೈಸೂರಿನಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಈಗ ಬಿ.ಎಸ್ಸಿ. ಮಾಡುತ್ತಿದ್ದಾಳೆ. ಶಿಕ್ಷಣ ಮಾಧ್ಯಮವನ್ನು ಆಯ್ದುಕೊಳ್ಳುವ ಹಕ್ಕು ಪೋಷಕರದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾವು ಆ ಹಕ್ಕನ್ನು ಅದಕ್ಕೂ ಮೊದಲೇ ಬಳಸಿಕೊಂಡಾಗಿತ್ತು, ನನಗೆ ಅದರಲ್ಲಿ ಪಶ್ಚಾತ್ತಾಪವಿಲ್ಲ. ಆದರೆ ಅವಳು ಇಂಗ್ಲಿಷಿನಲ್ಲಿಯೂ ಅಧ್ಯಾಪಕರು ಹೇಳಿದಂಥ ನಾಲ್ಕು ವಾಕ್ಯಗಳನ್ನೇ ಬರೆಯುತ್ತಾಳೆ. ಆದ್ದರಿಂದ ಇದನ್ನು ಕನ್ನಡದ ತೊಂದರೆಯೆಂದು ಮಾತ್ರ ನೋಡಬೇಡಿ ಎಂದು ಕೋರುತ್ತೇನೆ. ನಮ್ಮ ಮನೆಯಲ್ಲಿ ದಿನಪತ್ರಿಕೆ ನಿಲ್ಲಿಸಿ ಆರು ವರ್ಷವಾಯಿತು. ನಾನು ಓದುತ್ತ ಕುಳಿತಿರುವುದನ್ನು ಅವಳು ಕೊನೆಯ ಸಲ ಯಾವಾಗ ನೋಡಿದಳೆಂದು ನೆನಪಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಉತ್ತರ 4: ಗ್ರಾಮ ಪಂಚಾಯಿತಿ ಗ್ರಂಥಾಲಯ ಮೇಲ್ವಿಚಾರಕಿ, ಪಾಂಡವಪುರ ತಾಲ್ಲೂಕು

ನಮ್ಮ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. ಶಾಲೆ ಮುಚ್ಚಿದ್ದ 2020ರ ಕೊನೆಯಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗ ಊರಿನ ಮಕ್ಕಳನ್ನೆಲ್ಲ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡೆವು. ಆಗ ಮಕ್ಕಳು ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಆದ್ದರಿಂದ ಮಕ್ಕಳಿಗೆ ಓದಿನ ಆಸೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ನಾನು ಕಂಡಂತೆ ಆರು, ಏಳನೆಯ ತರಗತಿಯವರೆಗೆ ಮಕ್ಕಳು ಬರುತ್ತಾರೆ. ಎಂಟಕ್ಕೆ ಪಟ್ಟಣದ ಶಾಲೆಗೆ ಬಸ್ಸು ಹಿಡಿಯತೊಡಗಿದ ಮೇಲೆ ಟ್ಯೂಷನ್ ಮುಗಿಸಿ ಊರು ಸೇರುವಾಗ ಕತ್ತಲಾಗಿರುತ್ತದೆ, ನಮ್ಮ ಬಾಗಿಲು ಹಾಕಿರುತ್ತದೆ. ಹೆಣ್ಣುಮಕ್ಕಳಂತೂ ಬಸ್ಸಿಳಿದು ನೇರ ಮನೆಗೇ ಹೋಗಬೇಕು. ಹೋದ ಮೇಲೆ ಹಟ್ಟಿ ಕೆಲಸ, ಅಡುಗೆ ಕೆಲಸ. ಕಬ್ಬು ಕಡಿಯುವ ಕಾಲದಲ್ಲಿ ಗಂಡುಮಕ್ಕಳೂ ಕಾಣುವುದಿಲ್ಲ. ಮತ್ತೆ ಅವರು ಬರುವುದು ಪದವಿ ಮುಗಿದ ಮೇಲೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಕೇಳಿಕೊಂಡು. ನಡುವಿನ ಎಂಟು ವರ್ಷ ಪಠ್ಯ ಬಿಟ್ಟು ಬೇರೆ ಪುಸ್ತಕ ಮುಟ್ಟಿದವರನ್ನು ನಮ್ಮೂರಿನಲ್ಲಿ ಹೆಸರು ಹಿಡಿದು ಎಣಿಸಬಹುದು. ಕಥೆ ಪುಸ್ತಕ ಹಿಡಿದು ಕೂತರೆ, ಓದೋದು ಬಿಟ್ಟು ಏನು ಮಾಡ್ತಿದ್ದೀಯ ಎಂದು ಮನೆಯವರು ಗದರುತ್ತಾರೆ. ಅವರನ್ನೂ ತಪ್ಪೆನ್ನಲಾರೆ. ತಾವು ಓದದೆ ಮಗನನ್ನೋ ಮಗಳನ್ನೋ ಕಾಲೇಜಿಗೆ ಕಳುಹಿಸಿದವರಿಗೆ ಓದು ಎಂದರೆ ಅಂಕ, ಅಂಕ ಎಂದರೆ ಕೆಲಸ.

ಕಳೆದ ವರ್ಷ ಒಂದು ಪ್ರಯತ್ನ ಮಾಡಿದೆ. ಸ್ವಸಹಾಯ ಸಂಘದ ಹೆಂಗಸರು ವಾರಕ್ಕೊಮ್ಮೆ ನಮ್ಮಲ್ಲಿ ಸೇರುತ್ತಾರೆ. ಅವರಿಗೆ ಪತ್ರಿಕೆಯ ಒಂದು ಲೇಖನವನ್ನು ಪೂರ್ತಿಯಾಗಿ ಗಟ್ಟಿಯಾಗಿ ಓದಿ ಹೇಳಲು ಪಿಯುಸಿ ಓದುವ ಇಬ್ಬರು ಹುಡುಗಿಯರನ್ನು ಕೂರಿಸಿದೆ. ಮೊದಲ ವಾರ ತಡೆದು ತಡೆದು ಓದಿದರು. ಆದರೆ ಹೆಂಗಸರು ಸುಮ್ಮನೆ ಕೇಳುವವರಲ್ಲ. ಅದ್ಯಾಕೆ ಹಾಗೆ, ಆಮೇಲೆ ಏನಾಯಿತು ಎಂದು ಮೇಲಿಂದ ಮೇಲೆ ಪ್ರಶ್ನೆ ಹಾಕಿದರು. ಉತ್ತರ ಹೇಳಬೇಕಾದ್ದರಿಂದ ಹುಡುಗಿಯರು ಮುಂದಿನ ವಾರ ಮನೆಯಲ್ಲಿಯೇ ಎರಡು ಸಲ ಓದಿಕೊಂಡು ಬರತೊಡಗಿದರು. ಮೂರನೆಯ ತಿಂಗಳಿಗೆ ಅವರ ಓದು ಸರಾಗವಾಯಿತು.

ಪ್ರಶ್ನೆ ಕೇಳಿದವರ ಮರು ಬರಹ: ಕನ್ನಡ ಅಧ್ಯಾಪಕ, ಮಂಡ್ಯ

ನಾಲ್ವರಿಗೂ ಕೃತಜ್ಞತೆಗಳು. ಪೋಷಕರು ಬರೆದದ್ದನ್ನು ಓದಿದ ಮೇಲೆ ನನ್ನ ಮನೆಯ ಕಡೆಗೂ ನೋಡಿಕೊಂಡೆ. ಅಲ್ಲಿಯೂ ಪರಿಸ್ಥಿತಿ ಭಿನ್ನವಾಗಿಲ್ಲ. ಕುವೆಂಪು ಅವರು ಕುಲಪತಿಗಳಾಗಿದ್ದಾಗ 1957ರಲ್ಲಿ ಆರಂಭಗೊಂಡ ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು ಹಳ್ಳಿಗಳಲ್ಲಿ ಉಪನ್ಯಾಸ ಏರ್ಪಡಿಸಿ, ಕಾಲೇಜು ಕಾಣದವರಿಗೂ ತಿಳಿಯುವ ಕನ್ನಡದಲ್ಲಿ ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸುತ್ತಿತ್ತು. ನನ್ನ ತಂದೆ ಅಂಥ ಹೊತ್ತಿಗೆಗಳನ್ನು ಬಸ್ಸಿನಲ್ಲಿ ಓದುತ್ತಿದ್ದರು. ಅವು ಈಗಲೂ ನನ್ನ ಕಪಾಟಿನಲ್ಲಿವೆ, ನಾನು ಅವುಗಳನ್ನು ತರಗತಿಗೆ ಒಯ್ದಿರಲಿಲ್ಲ.

ಈ ವಾರ ಎರಡು ಬದಲಾವಣೆ ಮಾಡಿದೆ. ಕೆಂಪು ಶಾಯಿಯ ಪೆನ್ನನ್ನು ಮನೆಯಲ್ಲಿ ಬಿಟ್ಟು ಹೋದೆ, ಕಾಗುಣಿತವನ್ನು ಈ ಸಲ ನೋಡುವುದಿಲ್ಲ ಎಂದು ಮೊದಲೇ ಹೇಳಿದೆ. ಹಾಗೂ ನಾಲೆಯನ್ನೇ ನೋಡದ ತೀರ್ಥಹಳ್ಳಿಯ ಕಡೆಯ ಒಬ್ಬ ವಿದ್ಯಾರ್ಥಿಗೆ ಪತ್ರ ಬರೆಯಿರಿ ಎಂದೆ. ಎಲ್ಲರೂ ಬದಲಾದರೆಂದು ಹೇಳಲಾರೆ; ಹಲವರು ಮತ್ತೆ ನಾಲ್ಕೇ ವಾಕ್ಯ ಬರೆದರು, ಇಬ್ಬರು ಖಾಲಿ ಹಾಳೆ ಕೊಟ್ಟರು. ಆದರೆ ಕೊನೆಯ ಬೆಂಚಿನ ಆ ಹುಡುಗ ಒಂದೂವರೆ ಪುಟ ಬರೆದಿದ್ದಾನೆ. ಅವನನ್ನು ಕೇಳಿಕೊಂಡೇ ಅದರ ಒಂದು ವಾಕ್ಯವನ್ನು ತಿದ್ದದೆ ಇಲ್ಲಿ ಕೊಡುತ್ತಿದ್ದೇನೆ: ‘ನೀರು ಬಿಟ್ಟ ಮೊದಲನೆ ದಿನ ತೂಬಿನ ಅತ್ರ ಇರೋರ ಗದ್ದೆ ತುಂಬುತದೆ ಆದರೆ ಕೊನೆಯವರು ಬ್ಯಾಟ್ರಿ ಇಡ್ಕಂಡು ರಾತ್ರಿ ಎಲ್ಲಾ ಏರಿ ಮೇಲೆ ಕೂತಿರುತಾರೆ ಯಾಕಂದರೆ ಕಣ್ಣು ಮುಚ್ಚಿದರೆ ಯಾರಾದರು ಮಡೆ ತಿರುಗಿಸಿಬಿಡುತಾರೆ.’ ‘ಹತ್ರ’, ‘ಹಿಡ್ಕಂಡು’ ಎರಡರಲ್ಲಿಯೂ ಹಕಾರವಿಲ್ಲ, ಮೇಡಂ ಹೇಳಿದಂತೆಯೇ. ನಾನು ಆ ವಾಕ್ಯವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಕಾಗುಣಿತವನ್ನು ಯಾವಾಗ, ಹೇಗೆ ಎತ್ತಿಕೊಳ್ಳಬೇಕೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಅದನ್ನು ಪೂರ್ತಿ ಬಿಟ್ಟುಬಿಡಲು ನಾನು ಸಿದ್ಧನಿಲ್ಲ. ಗ್ರಂಥಾಲಯದ ಮೇಡಂ ಅವರಲ್ಲಿ ಒಂದು ವಿನಂತಿ. ನನ್ನ ತರಗತಿಯ ಆರು ಮಂದಿ ನಿಮ್ಮ ಸುತ್ತಲಿನ ಊರುಗಳವರು. ಸಂಘದ ಸಭೆಯಲ್ಲಿ ಅವರೂ ಸರದಿಯ ಮೇಲೆ ಓದಬಹುದೇ?

ಉತ್ತರ 5: ಗ್ರಂಥಾಲಯ ಮೇಲ್ವಿಚಾರಕಿ, ಪಾಂಡವಪುರ ತಾಲ್ಲೂಕು

ಖಂಡಿತ ಕಳುಹಿಸಿ ಸರ್. ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹೆಣ್ಣುಮಕ್ಕಳಿಗೂ ಬರಲು ಅನುಕೂಲವಾಗಲೆಂದು ಸಂಜೆಯಿಂದ ಬೆಳಿಗ್ಗೆಗೆ ಬದಲಾಯಿಸಿಕೊಂಡಿದ್ದೇವೆ. ನಿಮ್ಮ ತಂದೆಯವರ ಹೊತ್ತಿಗೆಗಳಲ್ಲಿ ಬೇಸಾಯದ್ದೋ ಆರೋಗ್ಯದ್ದೋ ಇದ್ದರೆ ಅವರ ಕೈಯಲ್ಲಿ ಒಂದು ಕೊಟ್ಟು ಕಳುಹಿಸಿ, ಅದರಿಂದಲೇ ಆರಂಭಿಸೋಣ. ಆ ಹುಡುಗನ ಪತ್ರವನ್ನೂ ತರಲು ಹೇಳಿ. ನಮ್ಮ ಸಂಘದಲ್ಲಿ ನಾಲೆಯ ಕೊನೆಯ ಭಾಗದವರೇ ಹೆಚ್ಚು.